ಪಾರ್ಕಿನ್ಸನ್ಸ್: ಮಾತ್ರೆ ಮುಂಬೈಯಲ್ಲೇ ಇದೆ, ಪರೀಕ್ಷೆಗೆ ದುಡ್ಡಿಲ್ಲ

ಡೊಂಬಿವಲಿಯಲ್ಲೋ ಮಾಟುಂಗದಲ್ಲೋ ಒಂದು ಮೆಡಿಕಲ್‌ಗೆ ಹೋಗಿ, ಕಫದ ಕೆಮ್ಮಿದೆ ಅಂತ ಹೇಳಿ ನೋಡಿ. ಕೈಗೆ ಬರುವ ಸಿರಪ್ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಆಂಬ್ರಾಕ್ಸಾಲ್ ಎಂದು ಬರೆದಿರುವ ಸಾಧ್ಯತೆ ಜಾಸ್ತಿ. ಇದರ ಮೂಲ ನಮಗೆಲ್ಲ ಗೊತ್ತಿರುವ ಆಡುಸೋಗೆ. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶವನ್ನು ನೋಡಿಕೊಂಡು ಬ್ರೋಮ್‌ಹೆಕ್ಸಿನ್ ತಯಾರಿಸಿದರು. ಆ ಔಷಧ ದೇಹದೊಳಗೆ ಹೋಗಿ ಆಂಬ್ರಾಕ್ಸಾಲ್ ಆಗುತ್ತದೆ ಎಂದು ತಿಳಿದ ಮೇಲೆ ಅದನ್ನೇ ನೇರವಾಗಿ ಮಾರಾಟಕ್ಕೆ ತಂದರು. ಅಜ್ಜಿ ಮಾಡುತ್ತಿದ್ದ ಕಷಾಯದ ದೂರದ ನೆಂಟ ಅನ್ನಿ.

ಈಗ ಇದೇ ಆಂಬ್ರಾಕ್ಸಾಲ್ ಅನ್ನು ಬ್ರಿಟನ್‌ನಲ್ಲಿ 330 ಪಾರ್ಕಿನ್ಸನ್ಸ್ ರೋಗಿಗಳ ಮೇಲೆ ಮೂರನೇ ಹಂತದ ಟ್ರಯಲ್‌ನಲ್ಲಿ ಪರೀಕ್ಷಿಸಲಾಗುತ್ತಿದೆ. ಒಬ್ಬೊಬ್ಬರಿಗೂ ಎರಡು ವರ್ಷದ ಚಿಕಿತ್ಸೆ. ಅಲ್ಲೇ 1,600 ಮಂದಿಯ ಇನ್ನೊಂದು ದೊಡ್ಡ ಟ್ರಯಲ್ ಕೂಡ ಇದೆ. ಅದರಲ್ಲಿ ಮೊದಲು ಪರೀಕ್ಷೆಗೆ ಆರಿಸಿಕೊಂಡ ಔಷಧಗಳು ಎರಡು. ಒಂದು ಟೆಲ್ಮಿಸಾರ್ಟನ್, ನಮ್ಮ ಮನೆಗಳಲ್ಲಿ ಬೆಳಿಗ್ಗೆ ಕಾಫಿಯ ಜೊತೆ ಹಿರಿಯರು ನುಂಗುವ ಬಿಪಿ ಮಾತ್ರೆ. ಇನ್ನೊಂದು ಟೆರಾಜೋಸಿನ್, ಪ್ರಾಸ್ಟೇಟ್ ತೊಂದರೆಗೆ ಕೊಡುವ ಮಾತ್ರೆ. ಟೆಲ್ಮಿಸಾರ್ಟನ್‌ನ ಹೆಸರುವಾಸಿ ಬ್ರ್ಯಾಂಡ್ ಟೆಲ್ಮಾ ತಯಾರಿಸುವ ಗ್ಲೆನ್‌ಮಾರ್ಕ್ ಮುಂಬೈಯ ಕಂಪನಿ.

ಮಾತ್ರೆ ಇಲ್ಲಿಯದು, ರೋಗಿಗಳು ಇಲ್ಲೂ ಲಕ್ಷಗಟ್ಟಲೆ ಇದ್ದಾರೆ, ಪರೀಕ್ಷೆ ಮಾತ್ರ ಅಲ್ಲಿ. ವಿಜ್ಞಾನ ಗೊತ್ತಿಲ್ಲ ಅನ್ನುವುದು ಇದಕ್ಕೆ ಕಾರಣ ಅಲ್ಲ. ಪೇಟೆಂಟ್ ಮುಗಿದ ಔಷಧವನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸುವ ಕೆಲಸಕ್ಕೆ ಸರಿಹೊಂದುವ ದುಡ್ಡಿನ ದಾರಿ ನಮ್ಮಲ್ಲಿ ಇಲ್ಲ, ಅಷ್ಟೇ. ಪಾರ್ಕಿನ್ಸನ್ಸ್‌ಗೆ ಹೊಸ ಚಿಕಿತ್ಸೆ ಬರಬೇಕಾದರೆ ಮುಂಬೈಯಂಥ ಊರು ಹಣ ಹಾಕಬೇಕಾದ ಜಾಗ ಇದೇ ಅಂತ ನನ್ನ ವಾದ.

ಐವತ್ತು ವರ್ಷದಿಂದ ಅದೇ ಮಾತ್ರೆ

ಮೊದಲು ರೋಗದ ಬಗ್ಗೆ ಸ್ವಲ್ಪ. ಲಂಡನ್‌ನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರಿಸಿ ಬರೆದದ್ದು 1817ರಲ್ಲಿ. ಮಿದುಳಿನ ಒಳಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ನಿಧಾನವಾಗಿ ಸಾಯುತ್ತಾ ಹೋಗುತ್ತವೆ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ಚಿಕ್ಕದಾಗುತ್ತದೆ, ದನಿ ಇಳಿಯುತ್ತದೆ. ನಡುಕವೇ ಇಲ್ಲದ ಪಾರ್ಕಿನ್ಸನ್ಸ್ ಕೂಡ ಇದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ 'ವಯಸ್ಸಾಯ್ತು, ನಿಧಾನ ಆಗಿದ್ದಾರೆ' ಅಂತ ವರ್ಷಗಟ್ಟಲೆ ಕಳೆದುಹೋಗುತ್ತದೆ.

ಡೋಪಮಿನ್‌ನ ಕಥೆಯಲ್ಲಿ ಮುಂಬೈಗೂ ಒಂದು ಪಾತ್ರ ಇದೆ. ಇಲ್ಲಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ ಅವರು ಸರ್ಪಗಂಧಿಯ ಬೇರನ್ನು ರಕ್ತದೊತ್ತಡದ ರೋಗಿಗಳ ಮೇಲೆ ಕ್ರಮವಾಗಿ ಪರೀಕ್ಷಿಸಿ 1949ರಲ್ಲಿ ಬ್ರಿಟನ್‌ನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ಜಗತ್ತು ತಿರುಗಿ ನೋಡಿತು. ಮುಂದೆ ಆ ಬೇರಿನಿಂದ ರಿಸರ್ಪಿನ್ ಎಂಬ ಔಷಧವನ್ನು ಬೇರ್ಪಡಿಸಿದರು. 1957ರಲ್ಲಿ ಸ್ವೀಡನ್‌ನ ಆರ್ವಿಡ್ ಕಾರ್ಲ್ಸನ್ ಇದೇ ರಿಸರ್ಪಿನ್ ಕೊಟ್ಟು ಮೊಲಗಳನ್ನು ಅಲ್ಲಾಡದಂತೆ ಮಾಡಿದರು. ಆಮೇಲೆ ಎಲ್-ಡೋಪಾ ಕೊಟ್ಟಾಗ ಮೊಲಗಳು ಎದ್ದು ಓಡಾಡಿದವು. ಡೋಪಮಿನ್‌ನ ಮಹತ್ವ ತಿಳಿದದ್ದು ಹೀಗೆ. ಕಾರ್ಲ್ಸನ್‌ಗೆ 2000ದಲ್ಲಿ ನೊಬೆಲ್ ಬಂತು, ವಕೀಲ್ ಅವರಿಗೆ 1957ರಲ್ಲೇ ಲಾಸ್ಕರ್ ಪ್ರಶಸ್ತಿ ಬಂದಿತ್ತು. ಎಲ್ಲರಿಗೂ ಗೊತ್ತಿದ್ದ ಅಗ್ಗದ ಔಷಧವೊಂದನ್ನು ತಾಳ್ಮೆಯಿಂದ ಪರೀಕ್ಷಿಸುವುದು ಈ ಊರಿಗೆ ಹೊಸದೇನಲ್ಲ.

1960ರ ದಶಕದ ಕೊನೆಗೆ ಲೆವೊಡೋಪಾ, ಅಂದರೆ ಅದೇ ಎಲ್-ಡೋಪಾ, ರೋಗಿಗಳ ಕೈಗೆ ಬಂತು. ಇವತ್ತಿಗೂ ಮುಖ್ಯ ಔಷಧ ಅದೇ. ಇಲ್ಲಿ ಸಿಂಡೋಪಾ ಎಂಬ ಹೆಸರಿನಲ್ಲಿ ಸಿಗುತ್ತದೆ. ಮೊದಲ ಕೆಲವು ವರ್ಷ ಅದ್ಭುತ ಅನ್ನಿಸುತ್ತದೆ. ಆಮೇಲೆ ಮಾತ್ರೆಯ ಪರಿಣಾಮ ಬೇಗ ಇಳಿಯಲು ಶುರುವಾಗುತ್ತದೆ. ಡೋಸ್ ಹೆಚ್ಚಿಸಿದರೆ ಮೈ ತನ್ನಷ್ಟಕ್ಕೆ ತೂಗಾಡುತ್ತದೆ. ರೋಗಿಗಳ ಮನೆಯವರ ಬಾಯಲ್ಲಿ 'ಈಗ ಆನ್ ಇದ್ದಾರೆ, ಇನ್ನರ್ಧ ಗಂಟೆಗೆ ಆಫ್ ಆಗ್ತಾರೆ' ಅನ್ನುವ ಮಾತು ಸಾಮಾನ್ಯ. ಮಿದುಳಿಗೆ ತಂತಿ ಇಳಿಸಿ ವಿದ್ಯುತ್ ಕೊಡುವ ಡಿಬಿಎಸ್ ಶಸ್ತ್ರಚಿಕಿತ್ಸೆ ಇದೆ, ಚರ್ಮದಡಿ ಔಷಧ ಹರಿಸುವ ಪಂಪ್ ಇದೆ. ಎರಡೂ ದುಬಾರಿ. ಇವೆಲ್ಲ ಲಕ್ಷಣಕ್ಕೆ ಮದ್ದು. ಕೋಶಗಳು ಸಾಯುವುದನ್ನು ನಿಲ್ಲಿಸುವ ಅಥವಾ ನಿಧಾನ ಮಾಡುವ ಔಷಧ ಅಂತ ಸಾಬೀತಾದದ್ದು ಒಂದೂ ಇಲ್ಲ.

ಜಗತ್ತಿನಲ್ಲಿ 2019ರ ಹೊತ್ತಿಗೆ 85 ಲಕ್ಷಕ್ಕೂ ಹೆಚ್ಚು ಮಂದಿಗೆ ಈ ರೋಗ ಇತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. 2050ಕ್ಕೆ ಅದು ಎರಡೂವರೆ ಕೋಟಿ ಮುಟ್ಟಬಹುದು ಎಂದು 2025ರ ಒಂದು ಅಧ್ಯಯನ ಹೇಳಿತು. ಭಾರತದ ಲೆಕ್ಕ 2016ಕ್ಕೆ ಸುಮಾರು 5.8 ಲಕ್ಷ.

ಕಂಪನಿಗಳು ಯಾಕೆ ಹಿಂದೇಟು ಹಾಕುತ್ತವೆ

ಇಷ್ಟು ದೊಡ್ಡ ಮಾರುಕಟ್ಟೆ ಇದ್ದರೂ ಔಷಧ ಕಂಪನಿಗಳು ಮುಗಿಬೀಳುವುದಿಲ್ಲ. 2018ರ ಜನವರಿಯಲ್ಲಿ ಫೈಜರ್ ಅಲ್ಜೈಮರ್ಸ್ ಮತ್ತು ಪಾರ್ಕಿನ್ಸನ್ಸ್‌ಗೆ ಹೊಸ ಔಷಧ ಹುಡುಕುವ ಕೆಲಸವನ್ನೇ ಕೈಬಿಟ್ಟಿತು. ಸುಮಾರು 300 ಹುದ್ದೆಗಳು ಹೋದವು. ರೋಶ್ ಕಂಪನಿಯ ಪ್ರಾಸಿನೆಜುಮ್ಯಾಬ್ ಎರಡನೇ ಹಂತದ ಟ್ರಯಲ್‌ಗಳಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ. ಆದರೂ ಸಣ್ಣ ಸುಳಿವುಗಳನ್ನು ನಂಬಿ 2025ರಲ್ಲಿ ಮೂರನೇ ಹಂತಕ್ಕೆ ಹೋಗಲು ಕಂಪನಿ ತೀರ್ಮಾನಿಸಿತು. ಆ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಮುಂಬೈಯ ಉದಾಹರಣೆಯೂ ಇದೆ, ಮತ್ತು ಅದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಅಂತ ನನಗೆ ಅನ್ನಿಸುತ್ತದೆ. ಸನ್ ಫಾರ್ಮಾ ಬಳಗದ ಸ್ಪಾರ್ಕ್ ಕಂಪನಿ ವೋಡೊಬ್ಯಾಟಿನಿಬ್ ಎಂಬ ಔಷಧವನ್ನು ಪಾರ್ಕಿನ್ಸನ್ಸ್‌ನ ಆರಂಭದ ಹಂತದ ರೋಗಿಗಳ ಮೇಲೆ ಪರೀಕ್ಷಿಸಿತು. ಅದು ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೂ ಪ್ರಯತ್ನಿಸಿದ್ದ ಔಷಧ. ಖಾಲಿ ಮಾತ್ರೆ ತೆಗೆದುಕೊಂಡವರಿಗೂ ಇದನ್ನು ತೆಗೆದುಕೊಂಡವರಿಗೂ ವ್ಯತ್ಯಾಸ ಕಾಣದೆ 2024ರಲ್ಲಿ ಟ್ರಯಲ್ ನಿಲ್ಲಿಸಬೇಕಾಯಿತು. ಪೇಟೆಯವರು ಅದನ್ನು ಬರೀ ನಷ್ಟ ಅಂತ ನೋಡಿದರು. ಪಾರ್ಕಿನ್ಸನ್ಸ್ ರೋಗದ ಓಟವನ್ನೇ ತಡೆಯುವ ಔಷಧಕ್ಕೆ ಭಾರತದ ಕಂಪನಿಯೊಂದು ತನ್ನ ದುಡ್ಡು ಹಾಕಿತ್ತು ಅನ್ನುವುದನ್ನು ಯಾರೂ ಹೆಚ್ಚು ಮಾತಾಡಲಿಲ್ಲ.

ಹೊಸ ಔಷಧದ ಪಾಡೇ ಹೀಗಾದರೆ, ಹಳೆಯದರ ಕಥೆ ಕೇಳುವುದೇ ಬೇಡ. ಆಂಬ್ರಾಕ್ಸಾಲ್ ಪಾರ್ಕಿನ್ಸನ್ಸ್‌ಗೆ ಕೆಲಸ ಮಾಡುತ್ತದೆ ಅಂತ ನಾಳೆ ಸಾಬೀತಾದರೂ, ಅದಕ್ಕೆ ದುಡ್ಡು ಹಾಕಿದ ಕಂಪನಿಗೆ ಸಿಗುವುದು ಅಷ್ಟರಲ್ಲೇ ಇದೆ. ಬೇರೆ ಹತ್ತಾರು ಕಂಪನಿಗಳು ಮರುದಿನವೇ ಅದೇ ಮಾತ್ರೆ ಮಾರಬಹುದು. ಹಾಗಾಗಿ ಬ್ರಿಟನ್‌ನಲ್ಲಿ ಈ ಖರ್ಚನ್ನು ಹೊರುತ್ತಿರುವುದು ದೇಣಿಗೆಯ ಹಣ ಮತ್ತು ಸರ್ಕಾರದ ಹಣ. ಕ್ಯೂರ್ ಪಾರ್ಕಿನ್ಸನ್ಸ್ ಎಂಬ ಸಂಸ್ಥೆ ಅದರಲ್ಲಿ ಮುಖ್ಯವಾದದ್ದು. ಅದನ್ನು 2005ರಲ್ಲಿ ಶುರು ಮಾಡಿದವರು ಈ ರೋಗ ಇದ್ದ ನಾಲ್ವರು.

ಇಂಥ ದುಡ್ಡು ವ್ಯರ್ಥವಾಗುವುದೂ ಉಂಟು. ಡಯಾಬಿಟಿಸ್ ಔಷಧ ಎಕ್ಸೆನಟೈಡ್ 2017ರ ಸಣ್ಣ ಟ್ರಯಲ್‌ನಲ್ಲಿ ಭಾರಿ ಆಸೆ ಹುಟ್ಟಿಸಿತ್ತು. 194 ಮಂದಿಯ ಮೇಲೆ ಸುಮಾರು ಎರಡು ವರ್ಷ ಪರೀಕ್ಷಿಸಿ ನೋಡಿದ ಮೂರನೇ ಹಂತದ ಫಲಿತಾಂಶ 2025ರ ಫೆಬ್ರುವರಿಯಲ್ಲಿ ಬಂತು. ಪ್ರಯೋಜನ ಸೊನ್ನೆ. ಆಂಬ್ರಾಕ್ಸಾಲ್‌ಗೂ ಇದೇ ಗತಿ ಬರಬಹುದು. ಪಾರ್ಕಿನ್ಸನ್ಸ್ ಜೊತೆ ಮರೆವಿನ ತೊಂದರೆಯೂ ಇದ್ದ 55 ಮಂದಿಯ ಮೇಲೆ ಕೆನಡಾದಲ್ಲಿ ಒಂದು ವರ್ಷ ಪರೀಕ್ಷಿಸಿ ನೋಡಿದಾಗ ಅದು ಸುರಕ್ಷಿತ ಅಂತ ಗೊತ್ತಾಯಿತು, ಆದರೆ ನೆನಪಿನ ಶಕ್ತಿ ಸುಧಾರಿಸಿದ್ದು ಸ್ಪಷ್ಟವಾಗಿ ಕಾಣಲಿಲ್ಲ. ಆದರೂ ಪರೀಕ್ಷೆ ಬೇಕೇ ಬೇಕು. ಇಲ್ಲದಿದ್ದರೆ ವಾಟ್ಸಾಪ್‌ನಲ್ಲಿ ಬಂದದ್ದೇ ಔಷಧ ಆಗುತ್ತದೆ, ಅಲ್ವಾ?

ನಮ್ಮದೇ ಒಂದು ಹಳೆಯ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ನಸುಗುನ್ನಿ ಬೀಜದಲ್ಲಿ ಎಲ್-ಡೋಪಾ ಇದೆ ಎಂದು 1937ರಲ್ಲೇ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿ ತೋರಿಸಿದ್ದರು. ಆಯುರ್ವೇದದಲ್ಲಿ ಕಂಪವಾತಕ್ಕೆ ಆ ಬೀಜದ ಬಳಕೆ ಇತ್ತು. ಮುಂಬೈಯ ಝಂಡು ಕಂಪನಿ ಅದರ ಪುಡಿಯನ್ನು ಝಂಡೋಪಾ ಎಂದು ಮಾರುಕಟ್ಟೆಗೂ ತಂದಿತು. 2004ರಲ್ಲಿ ಲಂಡನ್‌ನಲ್ಲಿ ಎಂಟೇ ಎಂಟು ರೋಗಿಗಳ ಮೇಲೆ ಪರೀಕ್ಷಿಸಿದಾಗ, ಬೀಜದ ಪುಡಿ ಮಾತ್ರೆಗಿಂತ ಬೇಗ ಕೆಲಸ ಶುರು ಮಾಡಿ ಹೆಚ್ಚು ಹೊತ್ತು ಉಳಿಯಿತು ಎಂದು ಕಂಡಿತು. ಬೀಜ ನಮ್ಮದು, ಕಂಪನಿ ಮುಂಬೈಯದು, ಜನ ಹೆಚ್ಚು ಉಲ್ಲೇಖಿಸುವ ಪರೀಕ್ಷೆ ಲಂಡನ್‌ನದು. ಯಾಕೋ ಇದು ಮತ್ತೆ ಮತ್ತೆ ಹೀಗೇ ಆಗುತ್ತದೆ.

ದುಡ್ಡಿದೆ, ದಾರಿ ಇಲ್ಲ

'ನಮ್ಮ ದೇಶದಲ್ಲಿ ಸಂಶೋಧನೆಗೆ ದುಡ್ಡೆಲ್ಲಿದೆ' ಅನ್ನುವ ಮಾತು ಅರ್ಧ ನಿಜ. ಒಟ್ಟು ಉತ್ಪನ್ನದ ಶೇ 0.64 ಮಾತ್ರ ಸಂಶೋಧನೆಗೆ ಹೋಗುತ್ತದೆ ಅನ್ನುವುದು ನಿಜ. ಆದರೆ ದೊಡ್ಡ ಮೊತ್ತಗಳ ಘೋಷಣೆಗೇನೂ ಕಮ್ಮಿ ಇಲ್ಲ. 2023ರ ಕಾಯ್ದೆಯಿಂದ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಅಂತ ಲೆಕ್ಕ. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕು ಅನ್ನುವುದನ್ನು ಮರೆಯಬಾರದು. 2025ರಲ್ಲಿ ಇನ್ನೊಂದು ಬಂತು, ಒಂದು ಲಕ್ಷ ಕೋಟಿ ರೂಪಾಯಿಯ ಆರ್‌ಡಿಐ ಯೋಜನೆ. ಖಾಸಗಿ ಕಂಪನಿಗಳ ಸಂಶೋಧನೆಗೆ ಕಡಿಮೆ ಬಡ್ಡಿಯ ಅಥವಾ ಬಡ್ಡಿ ಇಲ್ಲದ ದೀರ್ಘಾವಧಿ ಸಾಲ, ಇಲ್ಲವೇ ಬಂಡವಾಳ. ಕೇಳಲು ಚೆನ್ನಾಗಿದೆ. ಆದರೆ ಸಾಲ ಅಂದ ಮೇಲೆ ತೀರಿಸಬೇಕು. ಸ್ಟ್ರಿಪ್‌ಗೆ ಕೆಲವೇ ರೂಪಾಯಿ ಇರುವ, ಪೇಟೆಂಟ್ ಇಲ್ಲದ ಮಾತ್ರೆಯ ಟ್ರಯಲ್ ಮಾಡಿ ಆ ಸಾಲ ತೀರಿಸುವುದು ಹೇಗೆ?

ಉಳಿದದ್ದು ಸಿಎಸ್‌ಆರ್. ಮುಂಬೈಯ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು. ಐಐಟಿ, ಸರ್ಕಾರಿ ಹಣದ ವಿಶ್ವವಿದ್ಯಾಲಯ, ರಾಷ್ಟ್ರೀಯ ಪ್ರಯೋಗಾಲಯ, ಐಸಿಎಂಆರ್‌ನಂಥ ಸಂಸ್ಥೆಗಳ ಸಂಶೋಧನೆಗೆ ಈ ಹಣ ಕೊಡಲು ಕಾನೂನಿನಲ್ಲಿ ಅವಕಾಶ ಇದೆ. ತೊಡಕು ಇರುವುದು ಕ್ಯಾಲೆಂಡರಿನಲ್ಲಿ. ಹಲವು ವರ್ಷದ ಯೋಜನೆ ಅಂದರೂ, ಶುರುವಾದ ಹಣಕಾಸು ವರ್ಷ ಬಿಟ್ಟು ಇನ್ನು ಮೂರೇ ವರ್ಷ. ಅದರೊಳಗೆ ಮುಗಿಯಬೇಕು. ಈಗ ಪಾರ್ಕಿನ್ಸನ್ಸ್ ಟ್ರಯಲ್‌ನ ಲೆಕ್ಕ ಹಾಕಿ. ನೈತಿಕ ಸಮಿತಿಯ ಒಪ್ಪಿಗೆ, ಔಷಧ ನಿಯಂತ್ರಕರ ಅನುಮತಿ, ನೂರಾರು ರೋಗಿಗಳನ್ನು ಸೇರಿಸಿಕೊಳ್ಳುವುದು. ಕೊನೆಗೆ ಸೇರಿದವರಿಗೂ ಎರಡು ವರ್ಷ ಔಷಧ. ಆಮೇಲೆ ವಿಶ್ಲೇಷಣೆ. ನಾಲ್ಕು ವರ್ಷದಲ್ಲಿ ಇದು ಮುಗಿಯುವುದು ಕಷ್ಟ. ಆದ್ದರಿಂದ ಸಿಎಸ್‌ಆರ್ ಹಣ ಸುಲಭವಾಗಿ ಎಂಆರ್‌ಐ ಯಂತ್ರಕ್ಕೋ ಆಂಬುಲೆನ್ಸ್‌ಗೋ ಹೋಗುತ್ತದೆ. ಮಾರ್ಚ್ ಒಳಗೆ ಕೊಳ್ಳಬಹುದು, ಫೋಟೋ ತೆಗೆಯಬಹುದು. ಅಧಿಕಾರಿಗಳನ್ನು ದೂರಿ ಫಲವಿಲ್ಲ, ನಿಯಮ ಇರುವುದೇ ಹಾಗೆ. ವೈದ್ಯಕೀಯ ಟ್ರಯಲ್‌ಗಳಿಗೆ ಮಾತ್ರ ಈ ಅವಧಿಯನ್ನು ಏಳು ವರ್ಷಕ್ಕೆ ಏರಿಸಿದರೆ ಸರ್ಕಾರಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ.

ತೆರಿಗೆಯ ದಾರಿಯೂ ಕಿರಿದಾಗಿದೆ. ಮಾನ್ಯತೆ ಪಡೆದ ಸಂಶೋಧನಾ ಸಂಸ್ಥೆಗೆ ಕೊಟ್ಟ ನೂರು ರೂಪಾಯಿಗೆ ಒಂದು ಕಾಲದಲ್ಲಿ 175 ರೂಪಾಯಿ ವಿನಾಯಿತಿ ಸಿಗುತ್ತಿತ್ತು. 2017ರಲ್ಲಿ 150 ಆಯಿತು, 2020ರಿಂದ ಬರೀ 100. ದುರುಪಯೋಗ ಆಗುತ್ತಿತ್ತು ಅನ್ನುವುದೂ ಸುಳ್ಳಲ್ಲ.

ಇನ್ನು ದೊಡ್ಡ ದಾನಿಗಳು. ಈ ವಿಷಯದಲ್ಲಿ ಬೆಂಗಳೂರು ಮುಂಬೈಗಿಂತ ಮುಂದಿದೆ. ಕ್ರಿಸ್ ಗೋಪಾಲಕೃಷ್ಣನ್ ದಂಪತಿ ಕೊಟ್ಟ 225 ಕೋಟಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಿದುಳು ಸಂಶೋಧನಾ ಕೇಂದ್ರ ಎದ್ದಿತು. ಕೋಲಾರದ ಶ್ರೀನಿವಾಸಪುರದ ಹಳ್ಳಿಗರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅದರ ಅಧ್ಯಯನ ನಿಜಕ್ಕೂ ದೊಡ್ಡ ಕೆಲಸ. ಆದರೆ ಅದರ ಗಮನ ಮುಖ್ಯವಾಗಿ ಮರೆವಿನ ರೋಗದ ಮೇಲೆ. ರೋಹಿಣಿ ನಿಲೇಕಣಿ ಅವರು ಕೊಟ್ಟ 100 ಕೋಟಿಯ ಮಿದುಳು-ಮನಸ್ಸಿನ ಸಂಶೋಧನಾ ಕೇಂದ್ರ ಆರಿಸಿಕೊಂಡ ಐದು ಕಾಯಿಲೆಗಳಲ್ಲಿ ಡಿಮೆನ್ಶಿಯಾ ಇದೆ, ಪಾರ್ಕಿನ್ಸನ್ಸ್ ಇಲ್ಲ. ಭಾರತೀಯ ರೋಗಿಗಳ ವಂಶವಾಹಿ ಅಧ್ಯಯನ ಮಾಡುವ ದೊಡ್ಡ ಯೋಜನೆಯೊಂದಕ್ಕೆ ಹಣ ಬಂದದ್ದು ಅಮೆರಿಕದ ಮೈಕೆಲ್ ಜೆ. ಫಾಕ್ಸ್ ಪ್ರತಿಷ್ಠಾನದಿಂದ. ಆ ಅಧ್ಯಯನ ಯಾಕೆ ಬೇಕು ಅಂದರೆ, ಅಲ್ಲಿಯವರಲ್ಲಿ ಹೆಚ್ಚು ಕಾಣುವ ಎಲ್‌ಆರ್‌ಆರ್‌ಕೆ2 ವಂಶವಾಹಿಯ ಒಂದು ದೋಷ ನಮ್ಮವರಲ್ಲಿ ತೀರ ವಿರಳ. ಅದನ್ನೇ ಗುರಿಯಾಗಿಟ್ಟುಕೊಂಡ ಔಷಧಗಳು ಅಲ್ಲಿ ತಯಾರಾಗುತ್ತಿವೆ. ನಮ್ಮವರ ದೋಷ ಯಾವುದು ಅಂತ ನಾವೇ ಹುಡುಕಬೇಕು.

ಮುಂಬೈಯ ಕೈಯಲ್ಲಿ ಏನಿದೆ

ಪವಾಯಿಯ ಐಐಟಿಯಲ್ಲಿ ಸಮೀರ್ ಮಾಜಿ ಅವರ ತಂಡ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಮೇಲೆ ಕೆಲಸ ಮಾಡುತ್ತಿದೆ. ಪಾರ್ಕಿನ್ಸನ್ಸ್‌ನಲ್ಲಿ ಮಿದುಳಿನ ಕೋಶದೊಳಗೆ ಗಂಟು ಕಟ್ಟುವುದು ಇದೇ ಪ್ರೋಟೀನ್. ಅದು ಮೊದಲು ಹನಿಗಳಂತೆ ಒಂದಾಗಿ ಆಮೇಲೆ ಗಟ್ಟಿಯಾಗುತ್ತದೆ ಎಂದು ಈ ತಂಡ 2020ರಲ್ಲಿ ತೋರಿಸಿದ್ದು ಜಗತ್ತಿನ ಗಮನ ಸೆಳೆಯಿತು. ಪಾರ್ಸಿ ಸಮುದಾಯದ ಮನೆ ಮನೆಗೆ ಹೋಗಿ ಮಾಡಿದ, 1988ರಲ್ಲಿ ಪ್ರಕಟವಾದ ಸಮೀಕ್ಷೆಯೂ ಮುಂಬೈಯದೇ. ಲಕ್ಷಕ್ಕೆ 328 ಮಂದಿಗೆ ಪಾರ್ಕಿನ್ಸನ್ಸ್ ಅಂತ ಅದು ಕಂಡುಕೊಂಡಿತು. ಆ ಸಮುದಾಯದಲ್ಲಿ ವಯಸ್ಸಾದವರು ಹೆಚ್ಚು ಅನ್ನುವುದನ್ನು ಗಮನದಲ್ಲಿ ಇಟ್ಟುಕೊಂಡರೂ ಅದು ದೊಡ್ಡ ಸಂಖ್ಯೆಯೇ. 2001ರಲ್ಲಿ ಶುರುವಾದ ಪಿಡಿಎಂಡಿಎಸ್ ಸಂಸ್ಥೆ ರೋಗಿಗಳ ಗುಂಪುಗಳನ್ನು ನಡೆಸುತ್ತದೆ. ಪುಣೆಯಲ್ಲಿ ಪಾರ್ಕಿನ್ಸನ್ಸ್ ಮಿತ್ರಮಂಡಳ ಇದೆ. ಪ್ರಯೋಗಾಲಯ, ವೈದ್ಯರು, ಮಾತ್ರೆ ಕಂಪನಿ, ರೋಗಿಗಳ ಸಂಘಟನೆ, ಪುಣೆಯದೊಂದು ಬಿಟ್ಟರೆ ಎಲ್ಲ ಒಂದೇ ಲೋಕಲ್ ರೈಲಿನ ದೂರದಲ್ಲಿ.

ಈಗ ನಮ್ಮ ಸಂಘಗಳ ವಿಷಯ. ಮಾಟುಂಗದಿಂದ ಕುರ್ಲಾ, ಸಾಂತಾಕ್ರೂಜ್, ಡೊಂಬಿವಲಿವರೆಗೆ ಮುಂಬೈ ಕನ್ನಡಿಗರು ಕಟ್ಟಿದ ಸಂಘಗಳು ವೈದ್ಯಕೀಯ ನೆರವು, ವಿದ್ಯಾರ್ಥಿವೇತನ, ಮದುವೆಗೆ ಸಹಾಯ ಅಂತ ಕೊಡುತ್ತಲೇ ಬಂದಿವೆ. ಹೋಟೆಲಿನವರ ಕೈ ಯಾವತ್ತೂ ಧಾರಾಳ. ಸಂಶೋಧನೆಗೆ ಕೊಡಿ ಅಂದರೆ ಮಾತ್ರ ಎಲ್ಲರೂ ಸುಮ್ನೆ ನೋಡುತ್ತಾರೆ. 'ಅದು ಸರ್ಕಾರದ ಕೆಲಸ, ನಮ್ಮ ಐದು ಲಕ್ಷದಿಂದ ಏನಾದೀತು' ಅನ್ನುವುದು ಸಹಜ. ಐದು ಲಕ್ಷದಿಂದ ಔಷಧ ಹುಟ್ಟುವುದಿಲ್ಲ, ಒಪ್ಪಿದೆ. ಆದರೆ ಟ್ರಯಲ್‌ನಲ್ಲಿ ಆಗುವ ಖರ್ಚಿನ ಒಂದು ಭಾಗ ಹೇಗಿರುತ್ತದೆ ನೋಡಿ.

ಔಷಧ ರೋಗವನ್ನು ನಿಧಾನ ಮಾಡುತ್ತಿದೆಯೇ ಅಂತ ತಿಳಿಯಲು ರೋಗಿಯನ್ನು 'ಆಫ್' ಸ್ಥಿತಿಯಲ್ಲಿ ನೋಡಬೇಕು. ಅಂದರೆ ಹಿಂದಿನ ರಾತ್ರಿಯಿಂದ ಲೆವೊಡೋಪಾ ತೆಗೆದುಕೊಳ್ಳದೆ, ಬೆಳಿಗ್ಗೆ ಹಾಗೇ ಆಸ್ಪತ್ರೆಗೆ ಬರಬೇಕು. ಎಕ್ಸೆನಟೈಡ್ ಟ್ರಯಲ್‌ನ ಮುಖ್ಯ ಅಳತೆ ಕೂಡ ಇದೇ ಆಗಿತ್ತು. ಈಗ ಕಲ್ಯಾಣದಲ್ಲಿರುವ ಎಪ್ಪತ್ತು ವರ್ಷದ ಒಬ್ಬ ಹಿರಿಯರನ್ನು ಊಹಿಸಿಕೊಳ್ಳಿ. ಮಾತ್ರೆ ಇಲ್ಲದೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೇ ಕಷ್ಟ. ಅವರು ಎಂಟು ಗಂಟೆಯ ಲೋಕಲ್ ಹಿಡಿದು ಪರೇಲ್‌ಗೆ ಬರಬೇಕು, ಎರಡು ವರ್ಷ, ಮತ್ತೆ ಮತ್ತೆ. ಜೊತೆಗೆ ಬರುವ ಮಗನಿಗೆ ರಜೆ, ಇಲ್ಲವೇ ಸಂಬಳ ಕಟ್. ಮೂರನೇ ಸಲಕ್ಕೆ ಅವರು ಬರುವುದಿಲ್ಲ. ಹೀಗೆ ಒಬ್ಬೊಬ್ಬರೇ ಬಿಟ್ಟು ಹೋದರೆ ಕೊನೆಗೆ ಸಿಗುವ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ. ಗೋವಾದಲ್ಲೂ ಅಷ್ಟೇ. ವಾಸ್ಕೋದ ಬೈನಾದಲ್ಲಿರುವ ನಮ್ಮ ಉತ್ತರ ಕರ್ನಾಟಕದ ಕುಟುಂಬಕ್ಕೆ ಬಾಂಬೋಲಿಮ್‌ನ ಮೆಡಿಕಲ್ ಕಾಲೇಜು ನಕ್ಷೆಯಲ್ಲಿ ಹತ್ತಿರ, ಬಸ್ಸಿನಲ್ಲಿ ದೂರ.

ಹಿಂದಿನ ರಾತ್ರಿ ಆಸ್ಪತ್ರೆ ಪಕ್ಕದಲ್ಲಿ ಒಂದು ಕೋಣೆ, ಬೆಳಿಗ್ಗೆ ಟ್ಯಾಕ್ಸಿ, ರೋಗಿಗೆ ಫೋನ್ ಮಾಡಿ ನೆನಪಿಸುವ ಕೋಆರ್ಡಿನೇಟರ್‌ನ ಸಂಬಳ, ಕನ್ನಡದಲ್ಲಿ ಕೂತು ಒಪ್ಪಿಗೆ ಪತ್ರ ವಿವರಿಸುವ ಒಬ್ಬರು. ಇದು ಸಂಶೋಧನೆಯ ಖರ್ಚೇ. ಸಂಘವೊಂದು ಹೊರಬಲ್ಲ ಖರ್ಚು ಕೂಡ. ನಾಲ್ಕಾರು ಸಂಘಗಳು ಸೇರಿ, ಕೊಟ್ಟ ಹಣವನ್ನು ಐದಾರು ವರ್ಷ ಕೇಳದೆ ಬಿಡಲು ಒಪ್ಪಿದರೆ, ಸಿಎಸ್‌ಆರ್‌ನ ಕ್ಯಾಲೆಂಡರ್ ಮುಟ್ಟದ ಜಾಗ ತುಂಬುತ್ತದೆ. ದೇಣಿಗೆಯ ಹಣಕ್ಕೆ ಮಾರ್ಚ್ 31ರ ಹಂಗು ಅಷ್ಟಿಲ್ಲ, ಅದೇ ಅದರ ಬಲ.

ಕೊಡುವವರೂ ಸೇರುವವರೂ ಕೆಲವು ವಿಷಯ ಗಟ್ಟಿಯಾಗಿ ಕೇಳಬೇಕು. ಟ್ರಯಲ್ ಸಿಟಿಆರ್‌ಐಯಲ್ಲಿ, ಅಂದರೆ ದೇಶದ ಟ್ರಯಲ್ ನೋಂದಣಿ ಪಟ್ಟಿಯಲ್ಲಿ, ಇದೆಯೇ? ಅದನ್ನು ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಟ್ರಯಲ್‌ಗೆ ಸೇರಲು ರೋಗಿಯಿಂದಲೇ ದುಡ್ಡು ಕೇಳುತ್ತಿದ್ದಾರೆಯೇ? ಕೇಳಿದರೆ ಎದ್ದು ಬನ್ನಿ. 2019ರ ನಿಯಮಗಳ ಪ್ರಕಾರ ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕಾದವರು ಟ್ರಯಲ್ ನಡೆಸುವವರು. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಪಡೆದು ಪಾರ್ಕಿನ್ಸನ್ಸ್ ವಾಸಿ ಮಾಡುತ್ತೇವೆ ಅನ್ನುವವರಿಂದ ದೂರ ಇರಿ. ಜಪಾನಿನ ಕ್ಯೋಟೋದಲ್ಲಿ ಏಳು, ಅಮೆರಿಕ ಮತ್ತು ಕೆನಡಾದಲ್ಲಿ ಹನ್ನೆರಡು ರೋಗಿಗಳ ಮಿದುಳಿಗೆ ಕೋಶ ಕಸಿ ಮಾಡಿದ ಫಲಿತಾಂಶ 2025ರಲ್ಲಿ ಬಂದಿದೆ, ಆಶಾದಾಯಕವಾಗಿಯೂ ಇದೆ. ಆದರೆ ಅದು ತೀರ ಕಮ್ಮಿ ರೋಗಿಗಳ ಮೇಲೆ ಮಾಡಿದ ಪರೀಕ್ಷೆ.

ಇನ್ನೊಂದು ಮಾತು, ಇದನ್ನು ಓದಿ ಯಾರಾದರೂ ಮೆಡಿಕಲ್‌ಗೆ ಹೊರಟಿದ್ದರೆ. 2020ರಲ್ಲಿ ಪ್ರಕಟವಾದ ಲಂಡನ್‌ನ ಸಣ್ಣ ಟ್ರಯಲ್‌ನಲ್ಲಿ ಕೊಟ್ಟ ಆಂಬ್ರಾಕ್ಸಾಲ್ ದಿನಕ್ಕೆ 1,260 ಮಿಲಿಗ್ರಾಂ. ಕೆಮ್ಮಿಗೆ ಕೊಡುವ 30 ಮಿಲಿಗ್ರಾಂ ಮಾತ್ರೆಯಲ್ಲಿ ಲೆಕ್ಕ ಹಾಕಿದರೆ 42 ಮಾತ್ರೆ. ರಕ್ತಪರೀಕ್ಷೆ, ವೈದ್ಯರ ನಿಗಾ ಎಲ್ಲ ಇಟ್ಟುಕೊಂಡು ಕೊಟ್ಟದ್ದು ಅದು. 330 ಮಂದಿಯ ಫಲಿತಾಂಶ ಬರುವವರೆಗೆ ಸಿರಪ್ ಕೆಮ್ಮಿಗೆ ಮಾತ್ರ ಇರಲಿ, ಪಾರ್ಕಿನ್ಸನ್ಸ್ ಮಾತ್ರೆಯ ಡೋಸ್ ಬದಲಿಸುವುದು ನ್ಯೂರಾಲಜಿಸ್ಟ್ ಕೆಲಸವಾಗಿಯೇ ಇರಲಿ.